ಮೊದಲ ಸಲ ಒಪ್ಪದ ಮೇಷ್ಟ್ರು

ಅವರು ಸರಳ ವ್ಯಕ್ತಿಯಾಗಿದ್ದರು ಎಂದು ಹೊಸದುರ್ಗದ ಕಾಲೇಜಿನ ಸಂತಾಪ ಸಭೆಯಲ್ಲಿ ಮೈಕ್ ಹಿಡಿದವರೆಲ್ಲ ಹೇಳಿದರು. ಹೇಳಿದವರಲ್ಲಿ ಅರ್ಧ ಜನ ಅವರ ಮೇಲೆ ನನ್ನ ಬಳಿ ದೂರು ಕೊಟ್ಟವರು. ಉಳಿದರ್ಧ ಜನ ದೂರು ಬರೆದು, ಕೊಡಲು ಧೈರ್ಯ ಸಾಲದೆ ಜೇಬಿನಲ್ಲಿಟ್ಟುಕೊಂಡವರು.

ಸರಳತೆ ಏನೆಂದು ನನಗೆ ಗೊತ್ತಿದೆ. ನಾನು ಬೆಳೆದದ್ದು ಚಿತ್ರದುರ್ಗದ ಪೊಲೀಸ್ ಲೈನಿನಲ್ಲಿ. ಬೆಳಗಿನ ಸೀಟಿಗೆ ಏಳಬೇಕು, ಹಾಸಿಗೆಯ ನಾಲ್ಕು ಮೂಲೆ ಕೂಡಿಸಿ ಮಡಿಸಬೇಕು, ನೀರಿಗೆ ಸಾಲು ನಿಲ್ಲಬೇಕು, ಸಾಲಿನಲ್ಲಿ ಮಾತಾಡಬಾರದು. ಇಂದಿಗೂ ಜೋಗಿಮಟ್ಟಿಯ ರಸ್ತೆಯಲ್ಲಿ ಬೆಳಗಿನ ನಡಿಗೆಗೆ ಹೋದರೆ ಎಡಬದಿ ಬಿಟ್ಟು ನಡೆಯುವುದಿಲ್ಲ. ಅದು ಸರಳತೆ. ನಮ್ಮ ಮೇಷ್ಟ್ರು ಒಂದೇ ಜೇಬಿನಲ್ಲಿ ಮೂರು ಕನ್ನಡಕ ಇಟ್ಟುಕೊಂಡಿದ್ದವರು. ಓದಲು ಒಂದು ಸಾಕಿತ್ತು. ಉಳಿದೆರಡು ವೇಷಕ್ಕೆ.

ಅವರ ಹೆಸರು ಬರೆಯುವುದಿಲ್ಲ. ಅವರೇ ಬೇಡವೆಂದಿದ್ದರು. ಅವರ ನಿವೃತ್ತಿಯ ದಿನ ನಾನು, ನಿಮ್ಮ ಬಗ್ಗೆ ಯಾವತ್ತಾದರೂ ನಾಲ್ಕು ಸಾಲು ಬರೆಯುತ್ತೇನೆ ಎಂದಾಗ, "ಬರೀರಿ ಮೇಡಂ, ಹೆಸರು ಮಾತ್ರ ಹಾಕ್ಬ್ಯಾಡ್ರಿ. ಹೆಸರು ಹಾಕಿದ ಕೂಡ್ಲೆ ದಾಖಲೆ ಕೇಳ್ತಾರೆ" ಎಂದರು.

ನಾನು ಹೊಸದುರ್ಗದ ಸರ್ಕಾರಿ ಪದವಿ ಕಾಲೇಜಿಗೆ ಪ್ರಾಂಶುಪಾಲೆಯಾಗಿ ಹೋದಾಗ ಅವರು ಅಲ್ಲಿ ಇತಿಹಾಸ ಕಲಿಸುತ್ತಿದ್ದರು. ಹೊಳಲ್ಕೆರೆಯಿಂದ ದಿನಾ ಬರುತ್ತಿದ್ದರು, ದಿನಾ ತಡವಾಗಿ ಬರುತ್ತಿದ್ದರು. ಬಸ್ಸು, ರೈಲ್ವೆ ಗೇಟು, ಕುರಿಮಂದೆ, ಗಾಳಿಯಂತ್ರದ ರೆಕ್ಕೆ ಹೊತ್ತು ದಾರಿ ತುಂಬ ನಿಂತ ಲಾರಿ, ಹೀಗೆ ಪ್ರತಿದಿನ ಕಾರಣ ಬೇರೆ, ತಡ ಮಾತ್ರ ಅಷ್ಟೇ. ಆ ಮಟ್ಟಿಗೆ ಅವರಲ್ಲೂ ಒಂದು ಶಿಸ್ತಿತ್ತು ಎಂದು ಒಪ್ಪಬೇಕು.

ವಿದ್ಯಾರ್ಥಿವೇತನದ ಹೊಣೆ ಅವರಿಗೆ ಬಂದದ್ದೂ ತಡದಿಂದಲೇ. ಆ ಕೆಲಸ ಯಾರಿಗೂ ಬೇಡ. ಹಣ ಬಂದರೆ ಸರ್ಕಾರ ಕೊಟ್ಟಿತು, ಬರದಿದ್ದರೆ ಮೇಷ್ಟ್ರು ತಿಂದರು ಎನ್ನುವ ಕೆಲಸ ಅದು. ವರ್ಷದ ಮೊದಲ ಸಭೆಯಲ್ಲಿ ಒಬ್ಬರಿಗೆ ಬೆನ್ನುನೋವು, ಒಬ್ಬರಿಗೆ ಪಿಎಚ್‌ಡಿ, ಒಬ್ಬರಿಗೆ ಅತ್ತೆ. ಮೇಷ್ಟ್ರು ಇನ್ನೂ ರೈಲ್ವೆ ಗೇಟಿನಲ್ಲಿದ್ದರು. ಹಾಗಾಗಿ ಅವರನ್ನು ಸರ್ವಾನುಮತದಿಂದ ಆರಿಸಲಾಯಿತು. ಬಂದು ಕುಳಿತ ಮೇಲೆ ಎಲ್ಲರೂ ಅಭಿನಂದಿಸಿದರು. ಅವರು ಎದ್ದು ನಿಂತು ಕೈಮುಗಿದು, "ಇಷ್ಟು ದಿನ ಸತ್ತ ರಾಜರ ದಾನ ದತ್ತಿ ಪಾಠ ಮಾಡ್ತಿದ್ದೆ. ಇನ್ಮೇಲೆ ಬದುಕಿರೋ ಸರ್ಕಾರದ್ದು" ಎಂದರು.

ಓದುವವರಿಗೆ ಈ ವ್ಯವಹಾರ ಸ್ವಲ್ಪ ಗೊತ್ತಿರಬೇಕು. ಸರ್ಕಾರ ಬಡ ಮಕ್ಕಳ ಓದಿಗೆ ಹಣ ಕೊಡುತ್ತದೆ. ಶುಲ್ಕ ಮರಳಿಸುತ್ತದೆ, ಹಾಸ್ಟೆಲ್ ಕೊಡುತ್ತದೆ, ಹಾಸ್ಟೆಲ್ ಸಿಗದವರಿಗೆ ಊಟ ವಸತಿಗೆಂದು ಒಂದಿಷ್ಟು ಕೊಡುತ್ತದೆ. ಒಳ್ಳೆಯ ಕೆಲಸ. ಅದನ್ನು ಪಡೆಯಲು ಮಗು ತಾನು ಯಾವ ಜಾತಿ, ತನ್ನ ತಂದೆಯ ಆದಾಯ ಮಿತಿಯೊಳಗಿದೆಯೇ, ಹಿಂದಿನ ತರಗತಿ ಪಾಸಾಗಿದೆಯೇ, ಹಾಜರಾತಿ ಇದೆಯೇ, ಆಧಾರ್ ಸಂಖ್ಯೆ ಯಾವ ಬ್ಯಾಂಕಿನ ಖಾತೆಗೆ ಅಂಟಿಕೊಂಡಿದೆ, ಇಷ್ಟನ್ನೂ ಕಂಪ್ಯೂಟರಿಗೆ ಒಪ್ಪಿಸಬೇಕು. ಕಂಪ್ಯೂಟರು ನಾಡಕಚೇರಿಯನ್ನು ನಂಬುತ್ತದೆ, ಮಗುವನ್ನು ನಂಬುವುದಿಲ್ಲ. ಮೇಷ್ಟ್ರು ಇದನ್ನು ಹೊಸ ಮಕ್ಕಳಿಗೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು: "ಬಡವನಾಗಿರಾದು ಬ್ಯಾರೆ ಕಣ್ರಲೇ, ಬಡವ ಅಂತ ಮಂಜೂರಾಗಾದು ಬ್ಯಾರೆ. ಮೊದಲನೇದು ನಿಮಗೆ ಬರ್ತೈತೆ. ಎರಡನೇದು ನಾನು ಕಲಿಸ್ತೀನಿ."

ಕಲಿಸುವ ವಿಧಾನ ನನಗೆ ಹಿಡಿಸಲಿಲ್ಲ. ಶನಿವಾರ ಮಧ್ಯಾಹ್ನ ಇತಿಹಾಸದ ಕೊಠಡಿಯಲ್ಲಿ ಮೂರು ಮೇಜು ಹಾಕುತ್ತಿದ್ದರು. ಮೊದಲ ಮೇಜು ನಾಡಕಚೇರಿ, ಎರಡನೆಯದು ಇಲಾಖೆಯ ಕಚೇರಿ, ಮೂರನೆಯದು ಬ್ಯಾಂಕು. ಮೂರರಲ್ಲೂ ಕೂರುವವರು ಮೇಷ್ಟ್ರೇ, ಕನ್ನಡಕ ಮಾತ್ರ ಬೇರೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ತಮ್ಮ ಕಥೆ ಹೇಳಬೇಕು. ಮೇಷ್ಟ್ರು ತಿರಸ್ಕರಿಸಬೇಕು. ಕೊಠಡಿಯ ಹೊರಗೆ ನಿಂತರೆ ಕೇಳಿಸುತ್ತಿತ್ತು.

"ಏನಮ್ಮ?"

"ಸಾರ್, ಆದಾಯ ಪ್ರಮಾಣಪತ್ರ..."

"ಊಟದ ಟೈಮು. ನಾಳೆ ಬಾ."

"ಸಾರ್, ಈಗ ಮೂರು ಗಂಟೆ."

"ನಾಳೆ ಊಟದ ಟೈಮು ಅಂದೆ. ಇವತ್ತು ಸರ್ವರ್ ಯಜಮಾನ್ರು ಮಲಗವ್ರೆ. ಮುಂದಿನೋರು ಬರ್ರಿ."

ಕೊಠಡಿ ತುಂಬ ನಗು. ತಿರಸ್ಕೃತಳಾದ ಹುಡುಗಿ ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತು ಮತ್ತೆ ಬರಬೇಕು. ಆಗ ಮೇಷ್ಟ್ರು ಎದ್ದು ಕುರ್ಚಿ ಕೊಟ್ಟು, "ಕುಂತ್ಕಳ್ರಿ ತಾಯಿ, ಏನಾಗ್ಬೇಕಿತ್ತು?" ಎಂದು ಪ್ರತಿಯೊಂದನ್ನೂ ಬಿಡಿಸಿ ಹೇಳುತ್ತಿದ್ದರು. ಮೊದಲ ಸಲ ಯಾರನ್ನೂ ಒಪ್ಪಬಾರದು, ಎರಡನೇ ಸಲ ಯಾರನ್ನೂ ಬಿಡಬಾರದು. ಇದು ಅವರ ಕಾನೂನು. ಸರ್ಕಾರಿ ಕೊಠಡಿಯಲ್ಲಿ ಸರ್ಕಾರವನ್ನು ಅಣಕಿಸುವುದು ಸರಿಯಲ್ಲ ಎಂದು ನಾನು ಒಮ್ಮೆ ಕರೆದು ಹೇಳಿದೆ.

"ಅಣಕ ಅಲ್ಲ ಮೇಡಂ. ಈ ಮಕ್ಳು ಒಂದ್ಸಲ ಇಲ್ಲ ಅಂದ್ರೆ ಮತ್ತೆ ಆ ಕಡೆ ಹೋಗಲ್ಲ. ಅದೇ ಸರ್ಕಾರಕ್ಕೆ ಆಗೋ ಉಳಿತಾಯ. ಇಲ್ಲಿ ಇಲ್ಲ ಅನ್ನಿಸ್ಕಂಡು ನಕ್ಕು ಅಭ್ಯಾಸ ಆದ್ರೆ ಅಲ್ಲಿ ಅಳಲ್ಲ."

ಶನಿವಾರದ ಆಟ ನಡೆಯಲಿ, ಆದರೆ ಮುಗಿದ ಮೇಲೆ ಮೇಜು ಸಾಲಾಗಿ ಇಡಬೇಕು ಎಂದೆ. ಇಟ್ಟರು, ಸೊಟ್ಟಗೆ.

ಭೀಮಸಮುದ್ರದ ಕಡೆಯ ಅಡಿಕೆ ವ್ಯಾಪಾರಿಯೊಬ್ಬರ ಮಗನ ಪ್ರಸಂಗವನ್ನು ಸಂತಾಪ ಸಭೆಯಲ್ಲಿ ಯಾರೂ ಎತ್ತಲಿಲ್ಲ, ಏಕೆಂದರೆ ಫ್ಲೆಕ್ಸ್ ಹಾಕಿಸಿದ್ದವರು ಆ ವ್ಯಾಪಾರಿಗಳೇ. ಹುಡುಗ ಒಳ್ಳೆಯವನು. ಅವನ ಬಳಿ ಆದಾಯ ಪ್ರಮಾಣಪತ್ರವಿತ್ತು, ಸಹಿ, ಸಂಖ್ಯೆ ಎಲ್ಲ ಸರಿಯಿತ್ತು, ಮತ್ತು ಅದರ ಪ್ರಕಾರ ಆ ಮನೆಯವರು ಬದುಕಿರುವುದೇ ಆಶ್ಚರ್ಯ. ಅದನ್ನು ಹಿಡಿದು ಅವನು ಹೊಸ ಬೈಕಿನಲ್ಲಿ ಬಂದಿಳಿದ.

"ಲೇ, ಬೈಕಿಗೆ ಪೆಟ್ರೋಲ್ ಯಾರು ಹಾಕ್ಸಾದು?"

"ನಮ್ಮಪ್ಪ ಸಾರ್."

"ಹಂಗಾರೆ ಈ ಪತ್ರದಾಗಿರೋ ಆದಾಯ ಎಲ್ಲಾ ಬೈಕೇ ಕುಡೀತೈತೆ. ಮನ್ಯಾಗೆ ಊಟಕ್ಕೇನ್ ಮಾಡ್ತೀರೋ?"

ಅರ್ಜಿಯನ್ನು ಮೇಷ್ಟ್ರು ತಿರಸ್ಕರಿಸಲಿಲ್ಲ. ದಾಖಲೆ ಸರಿಯಿರುವಾಗ ತಿರಸ್ಕರಿಸಲು ಅವರಿಗೆ ಅಧಿಕಾರವೂ ಇರಲಿಲ್ಲ. ಮಾರನೆಯ ಮಧ್ಯಾಹ್ನ ತಮ್ಮ ಬುತ್ತಿಯ ಡಬ್ಬಿ ಹಿಡಿದು ಕಾಲೇಜಿನ ಅಂಗಳದ ಬೇವಿನ ಮರದ ಕೆಳಗೆ ಬಂದರು. ಎಲ್ಲರೂ ನೋಡುತ್ತಿದ್ದಂತೆ ಅರ್ಧ ರೊಟ್ಟಿ, ಅರ್ಧ ಪಲ್ಯ ಅವನ ಮುಂದಿಟ್ಟು, "ತಿನ್ನಪ್ಪ, ಮನ್ಯಾಗೆ ಕಷ್ಟ ಐತೆ, ಸಂಕೋಚ ಮಾಡ್ಕಬ್ಯಾಡ" ಎಂದರು. ಅದರ ಮರುದಿನವೂ ಅಷ್ಟೇ. ವಾರ ಮುಗಿಯುವುದರೊಳಗೆ ಹುಡುಗ ಅರ್ಜಿ ವಾಪಸ್ ತೆಗೆದುಕೊಂಡ. ಅವನ ತಂದೆ ಕಾರಿನಲ್ಲಿ ನನ್ನ ಕೋಣೆಗೇ ಬಂದರು.

"ಏನ್ರಿ ಮೇಡಂ, ನಿಮ್ಮ ಮೇಷ್ಟ್ರು ನನ್ನ ಮಗನಿಗೆ ಅನ್ನ ಹಾಕ್ತಾರಂತೆ? ನಾವೇನು ಗತಿಗೆಟ್ಟೋರಾ?"

"ನಿಮ್ಮ ಪ್ರಮಾಣಪತ್ರ ಹಾಗೆ ಹೇಳುತ್ತದಲ್ಲ" ಎಂದೆ. ನನಗೆ ತಮಾಷೆ ಬರುವುದಿಲ್ಲ, ಇದ್ದದ್ದನ್ನು ಹೇಳಿದೆ. ಅವರು ಎದ್ದು ಹೋದರು. ಬಾಗಿಲಾಚೆ ಮೇಷ್ಟ್ರು ನಿಂತು ಕೇಳಿಸಿಕೊಂಡಿದ್ದರು. ಅಂದಿನಿಂದ ನನ್ನನ್ನು ತಮ್ಮ ಪಕ್ಷಕ್ಕೆ ಸೇರಿಸಿಕೊಂಡುಬಿಟ್ಟರು. ನಾನು ಸೇರಿರಲಿಲ್ಲ.

ಅದರ ಮುಂದಿನ ವರ್ಷ ಹಿರಿಯೂರು ಕಡೆಯ ಒಂದು ಹಟ್ಟಿಯಿಂದ ಒಬ್ಬಳು ಹುಡುಗಿ ಬಿ.ಎಸ್ಸಿಗೆ ಸೇರಿದಳು. ಮಾತು ಕಡಿಮೆ, ಲೆಕ್ಕ ಚುರುಕು. ಹಾಸ್ಟೆಲಿನಲ್ಲಿ ಹಿರಿಯ ಹುಡುಗಿಯೊಬ್ಬಳ ಕೋಣೆಯಲ್ಲಿ ಟ್ರಂಕು ಇಟ್ಟುಕೊಂಡು ತಾತ್ಕಾಲಿಕವಾಗಿ ಮಲಗುತ್ತಿದ್ದಳು. ಆಯ್ಕೆಯಾದವರ ಹೆಸರು ಹಾಕುವ ದಿನದೊಳಗೆ ಆದಾಯ ಪ್ರಮಾಣಪತ್ರ ಕೊಟ್ಟರೆ ಸೀಟು, ಇಲ್ಲದಿದ್ದರೆ ಟ್ರಂಕು ಎತ್ತಬೇಕು. ಅವಳ ಹಟ್ಟಿಯಿಂದ ಹೊಸದುರ್ಗಕ್ಕೆ ದಿನಾ ಬಂದು ಹೋಗುವ ಬಸ್ಸಿಲ್ಲ. ಟ್ರಂಕು ಎತ್ತಿದರೆ ಓದೂ ಎತ್ತಿದ ಹಾಗೆ.

ಪ್ರಮಾಣಪತ್ರ ಬಂತು. ಅದರಲ್ಲಿ ಅವಳ ತಂದೆಯ ಆದಾಯ ಮಿತಿ ಮೀರಿತ್ತು. ಒಂದು ಸಣ್ಣ ಹೊಲ, ನಾಲ್ಕು ಕುರಿ ಇದ್ದ ಮನೆಗೆ ಅಷ್ಟು ಆದಾಯ ಹೇಗೆ? ಕೇಳಿದರೆ ಹುಡುಗಿ ತಲೆ ತಗ್ಗಿಸಿ, "ಎತ್ತು ಮೇಡಂ" ಎಂದಳು.

ಆ ಕಡೆಯ ಹಟ್ಟಿಗಳಲ್ಲಿ ದೇವರ ಎತ್ತುಗಳೆಂದು ಒಂದು ಮಂದೆ ಇರುತ್ತದೆ. ಹೆಸರು ಎತ್ತು ಎಂದರೂ ಹಸು, ಕರು ಎಲ್ಲ ಸೇರಿದ ಮಂದೆ. ಅದಕ್ಕೆ ನೊಗ ಇಡುವುದಿಲ್ಲ, ಅದನ್ನು ಮಾರುವುದಿಲ್ಲ. ಕಾಯಲು ಒಬ್ಬ ಕಿಲಾರಿ ಇರುತ್ತಾನೆ. ಚಪ್ಪಲಿಯಿಲ್ಲದೆ ಅವುಗಳ ಹಿಂದೆ ಬಯಲು ಅಲೆಯುವುದೇ ಅವನ ಬಾಳು. ಇವಳ ತಂದೆ ಆ ಕಿಲಾರಿ. ಆದಾಯ ವಿಚಾರಿಸಲು ಹೋದ ಗ್ರಾಮ ಆಡಳಿತಾಧಿಕಾರಿ ಹೊಸಬ. ಬಯಲು ತುಂಬಿದ ಮಂದೆ ನೋಡಿ ಯಾರದೆಂದು ಕೇಳಿದ. ಕಿಲಾರಿ "ನಮ್ಮವು" ಎಂದ. ಅಧಿಕಾರಿ ಅದನ್ನೇ ಬರೆದುಕೊಂಡ. ಕಾಗದದ ಮೇಲೆ ಕಿಲಾರಿ ಆ ಹೋಬಳಿಯ ಸಾಹುಕಾರರಲ್ಲಿ ಒಬ್ಬನಾದ.

ಮರುಪರಿಶೀಲನೆ ಕೇಳಬಹುದಿತ್ತು. ಆದರೆ ಅಧಿಕಾರಿ ಮತ್ತೆ ಅದೇ ಪ್ರಶ್ನೆ ಕೇಳುತ್ತಾನೆ. ಹಾಗಾಗಿ ಮೇಷ್ಟ್ರು ಶನಿವಾರದ ತರಗತಿಗೆ ತಂದೆಯನ್ನೇ ಕರೆಸಿದರು. ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಆತ ಕಂಬಳಿ ಹೆಗಲಿಗೆ ಹಾಕಿಕೊಂಡು, ಕೋಲು ಬಾಗಿಲ ಬಳಿ ಒರಗಿಸಿ ಬಂದು ನಿಂತ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಮೇಷ್ಟ್ರು ಕನ್ನಡಕ ಬದಲಿಸಿದರು.

"ಏನಪ್ಪ ಯಜಮಾನ, ಆ ಎತ್ತು ಯಾರವು?"

"ನಮ್ಮವು ಸಾ."

"ತಿರಸ್ಕೃತ! ಹಂಗನ್ನಂಗಿಲ್ಲ. ದೇವರವು ಅನ್ನು."

"ದ್ಯಾವರವೇ ಸಾ."

"ಹಾಂ! ಅಂದ್ರೆ ನಿಮ್ಮವಲ್ಲ."

"ನಮ್ಮವೇ ಸಾ."

"ಈಗ ತಾನೆ ದೇವರವು ಅಂದ್ಯಲ್ಲೋ ಮಾರಾಯ!"

"ದ್ಯಾವರು ಯಾರೋರು ಸಾ? ನಮ್ಮೋರೇ ಅಲ್ವಾ?"

ಹುಡುಗರು ನಕ್ಕರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಆ ಕೊಠಡಿಯಲ್ಲಿ ಎರಡನೇ ಸಲವೂ ಒಬ್ಬ ಅರ್ಜಿದಾರ ಬಗ್ಗದೆ ನಿಂತದ್ದು ಅದೇ ಮೊದಲು. ಹುಡುಗಿ ಮುಂದೆ ಬಂದು, "ಅಪ್ಪ, ಒಂದೇ ಒಂದ್ಸಲ ನಮ್ಮವಲ್ಲ ಅಂದ್ಬಿಡು. ಅಷ್ಟೇ ಕೇಳಾದು ಇವ್ರು" ಎಂದಳು.

ಆತ ಅವಳನ್ನು ನೋಡಿದ. ಸಿಟ್ಟಿನಿಂದಲ್ಲ.

"ನೀನು ನನ್ನ ಮಗಳಲ್ಲ ಅಂದ್ರೆ ಫೀಜು ಮಾಫಿ ಅಂತ ಇವ್ರು ಅಂದ್ರೆ, ಅದನ್ನೂ ಅನ್ನಿಸ್ತೀಯೇನವ್ವ?"

ನಗು ನಿಂತಿತು. ಹುಡುಗಿ ಕಿಟಕಿಯ ಕಡೆ ತಿರುಗಿದಳು. ಆತ ಕೋಲು ತೆಗೆದುಕೊಂಡು, ಎತ್ತು ನೀರಿಗೆ ಹೊಡೆಯುವ ಹೊತ್ತಿಗೆ ಹಟ್ಟಿ ಸೇರಬೇಕೆಂದು ಹೊರಟುಹೋದ.

ಮೇಷ್ಟ್ರನ್ನು ಕೋಣೆಗೆ ಕರೆದು ಹೇಳಿದೆ: "ಆತನ ಬಾಯಲ್ಲಿ ಸುಳ್ಳು ಹೇಳಿಸಲು ನಾನು ಬಿಡುವುದಿಲ್ಲ."

"ಸುಳ್ಳು ಎಲ್ಲಿ ಮೇಡಂ? ಆತನ ಉತ್ತರ ಸರಿಯಾಗೇ ಐತೆ. ಪ್ರಶ್ನೆ ತಪ್ಪೈತೆ. ಆಫೀಸರನ್ನ ಎತ್ತಿನ ಗೂಡಿಗೇ ಕರ್ಕಂಡು ಹೋಗಾಣ. ನೀವೂ ಬರ್ರಿ. ನನ್ನ ಮುಖ ನೋಡಿದ್ರೆ ಯಾರೂ ಏಳಲ್ಲ, ನಿಮ್ಮ ಮುಖ ನೋಡಿದ್ರೆ ಎಲ್ಲಾ ಎದ್ದು ನಿಲ್ತಾರೆ."

ಇದು ಹೊಗಳಿಕೆಯೋ ಅಲ್ಲವೋ ವಿಚಾರಿಸಲಿಲ್ಲ. ಮರುಪರಿಶೀಲನೆಯ ಅರ್ಜಿ ಹಾಕಿಸಿ, ಪತ್ರ ಬರೆದು, ಅಧಿಕಾರಿಯಿಂದ ದಿನ ಗೊತ್ತುಮಾಡಿಸಿದೆ. ಆ ದಿನ ಹೊಸದುರ್ಗದ ನಿಲ್ದಾಣದಲ್ಲಿ ನಾನು ಬಸ್ಸು ಬರುವ ಮೊದಲೇ ಇದ್ದೆ. ಬಸ್ಸು ಹೊರಟ ಮೇಲೆ ಮೇಷ್ಟ್ರು ಬಂದರು. ಮುಂದಿನ ಬಸ್ಸಿನಲ್ಲಿ ಹಿರಿಯೂರಿನವರೆಗೆ ನಾನು ಅವರೊಂದಿಗೆ ಮಾತಾಡಲಿಲ್ಲ. ಅವರು ಪಕ್ಕದ ಸೀಟಿನ ಬಾಗೂರಿನ ರೈತರೊಬ್ಬರ ಮಗಳಿಗೆ ಯಾವ ವಿದ್ಯಾರ್ಥಿವೇತನ ಸಿಗುತ್ತದೆಂದು ವಿವರಿಸಿ, ಮೊದಲು ಅವರನ್ನು ತಿರಸ್ಕರಿಸಿ, ಆಮೇಲೆ ಒಪ್ಪಿದರು.

ಗೂಡು ಎಂದರೆ ಮುಳ್ಳಿನ ಬೇಲಿ ಹಾಕಿದ ಒಂದು ದೊಡ್ಡ ಆವರಣ. ಒಳಗೆ ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಹೊರಗೆ ಅಧಿಕಾರಿ, ಹುಡುಗಿ ಇಬ್ಬರೂ ಕಾಯುತ್ತಿದ್ದರು. ಕಿಲಾರಿ ನಮ್ಮೆಲ್ಲರ ಚಪ್ಪಲಿ ಹೊರಗೇ ಬಿಡಿಸಿದ. ನಾನು ಸಾಲಾಗಿ ಜೋಡಿಸಿದೆ. ಅಧಿಕಾರಿ ಮೊಬೈಲ್ ತೆಗೆದು ಕೇಳಿದ:

"ಯಜಮಾನ್ರೇ, ಇವು ಯಾರವು?"

"ನಮ್ಮವು ಸಾ."

"ನೋಡಿದ್ರಾ ಮೇಡಂ? ಮತ್ತೆ ನಾನೇನು ಬರೀಲಿ?"

ಆಗ ಮೇಷ್ಟ್ರು ಜೇಬಿನಿಂದ ಪರ್ಸು ತೆಗೆದರು. ಅದರಲ್ಲಿ ಬಸ್ ಚಾರ್ಜಿಗಿಂತ ಹೆಚ್ಚು ಇರಲಿಲ್ಲ, ನನಗೆ ಗೊತ್ತಿತ್ತು.

"ಯಜಮಾನ, ಆ ಕೆಂದೆತ್ತು ಚೆನ್ನಾಗೈತೆ. ನನಗೆ ಕೊಟ್ಬಿಡು. ಏನು ರೇಟು?"

ಕಿಲಾರಿಯ ಮುಖ ಕಪ್ಪಿಟ್ಟಿತು. ಕೋಲು ಹಿಡಿದ ಕೈ ಮೇಲೆ ಬಂತು. ಹುಡುಗಿ "ಅಪ್ಪ!" ಎಂದಳು.

"ಸಾ, ನನ್ನ ಮಗಳಿಗೆ ಪಾಠ ಯೋಳೋರು ಅಂತ ಸುಮ್ಕಿದೀನಿ. ಹಿಂದಕ್ಕೆ ಸರೀರಿ."

"ನಿಮ್ಮವೇ ಅಂದ್ಯಲ್ಲ. ಮಾರಕ್ಕೇನು ರೋಗ?"

"ಹೆತ್ತವ್ವ ನಿಮ್ಮೋಳೇ ಅಲ್ವಾ ಸಾ? ಯೋಳ್ರಿ ರೇಟು."

ಮೇಷ್ಟ್ರು ಹಿಂದೆ ಸರಿಯಲಿಲ್ಲ. ಪರ್ಸು ಹಿಡಿದುಕೊಂಡೇ ಅಧಿಕಾರಿಯ ಕಡೆ ತಿರುಗಿ, "ಬರ್ಕಳ್ರಿ ಸಾರ್. ಮಾರಾಟದ ಆದಾಯ ಇಲ್ಲ" ಎಂದರು. ಮತ್ತೆ ಕಿಲಾರಿಗೆ:

"ಉಳುಮೆ?"

"ನೊಗ ಮುಟ್ಟಿಸಂಗಿಲ್ಲ."

"ಹಾಲು?"

"ಕರುಂದು."

"ಗೊಬ್ಬರ?"

"ಗುಡೀಗೆ ಹೋಗ್ತೈತೆ."

"ಸತ್ರೆ?"

"ಮಣ್ಣು ಮಾಡ್ತೀವಿ. ಮನುಷ್ರಿಗೆ ಮಾಡ್ದಂಗೆ."

"ಮತ್ತೆ ಇವುಗಳಿಂದ ನಿನಗೆ ಸಿಗಾದೇನಪ್ಪ?"

ಕಿಲಾರಿ ಕೋಲು ಇಳಿಸಿದ. ಯಾರೂ ಇದುವರೆಗೆ ಕೇಳದ ಪ್ರಶ್ನೆಯಾಗಿರಬೇಕು, ಮಂದೆಯ ಕಡೆ ತಿರುಗಿ ನೋಡಿದ.

"ಕೆಲ್ಸ" ಎಂದ.

ಅಧಿಕಾರಿ ನಕ್ಕುಬಿಟ್ಟ. ಒಳ್ಳೆಯ ಹುಡುಗ. ಅಲ್ಲೇ ನಿಂತು ಎಲ್ಲವನ್ನೂ ತಿದ್ದಿ ಬರೆದುಕೊಂಡು, ಕಿಲಾರಿಯನ್ನು ಮಂದೆಯ ನಡುವೆ ನಿಲ್ಲಿಸಿ ಫೋಟೋ ತೆಗೆದ.

ಆ ವರದಿ ಮೊದಲ ಸಲ ಮೇಲಿನಿಂದ ವಾಪಸ್ ಬಂತು. ಫೋಟೋದಲ್ಲಿ ಅರ್ಜಿದಾರರು ಯಾರೆಂದು ಸ್ಪಷ್ಟವಿಲ್ಲವಂತೆ. ಮೇಷ್ಟ್ರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ನಾನು ಹೇಳಿರ್ಲಿಲ್ವಾ? ಇನ್ನು ಆದಂಗೇ!" ಎಂದು ಸಿಬ್ಬಂದಿ ಕೋಣೆಯಲ್ಲಿ ಎಲ್ಲರಿಗೂ ಟೀ ಕೊಡಿಸಿದರು. ಹುಡುಗಿ ಅಳಲಿಲ್ಲ, ಅದನ್ನು ನಾನು ಗಮನಿಸಿದೆ. ಅವಳೇ ಹಟ್ಟಿಗೆ ಹೋಗಿ, ಎತ್ತುಗಳಿಂದ ದೂರ ಬೇವಿನ ಮರದಡಿ ತಂದೆಯನ್ನು ನಿಲ್ಲಿಸಿ, ಅಧಿಕಾರಿಯ ಕೈಯಲ್ಲಿ ಬೇರೆ ಫೋಟೋ ತೆಗೆಸಿದಳು. ಎರಡನೇ ಸಲ ಒಪ್ಪಿದರು. ಹಾಸ್ಟೆಲಿನ ಪಟ್ಟಿಯಲ್ಲಿ ಅವಳ ಹೆಸರು ಬಂತು. ಟ್ರಂಕು ಎತ್ತಬೇಕಾಗಲಿಲ್ಲ.

ಮೇಷ್ಟ್ರು ನಿವೃತ್ತರಾದ ಮೇಲೆ ಒಮ್ಮೆ ಚಿತ್ರದುರ್ಗದ ನಮ್ಮ ಮನೆಗೆ ಬಂದಿದ್ದರು, ಹೇಳಿದ ಸಮಯಕ್ಕಿಂತ ತಡವಾಗಿ. ಅವರ ಪಿಂಚಣಿಯ ಕಡತ ಆಕ್ಷೇಪಣೆಯೊಂದಿಗೆ ಹಿಂತಿರುಗಿತ್ತಂತೆ. ಆಕ್ಷೇಪಣೆ ಬರೆದ ಗುಮಾಸ್ತ ಅವರ ಶನಿವಾರದ ತರಗತಿಯಲ್ಲಿ ಕಲಿತವನೇ. "ಮೊದಲ ಸಲ ವಾಪಸ್ ಕಳ್ಸವ್ನೆ ಮೇಡಂ. ಪಾಠ ಚೆನ್ನಾಗಿ ಹತ್ತೈತೆ" ಎಂದು ಎದೆಯುಬ್ಬಿಸಿದರು. ಅದೇ ನಾನು ಅವರನ್ನು ಕೊನೆಯದಾಗಿ ನೋಡಿದ್ದು.

ಸಂತಾಪ ಸಭೆ ಅರ್ಧ ಗಂಟೆ ತಡವಾಗಿ ಶುರುವಾಯಿತು. ಅದೊಂದು ವಿಷಯದಲ್ಲಿ ಮಾತ್ರ ಅವರಿಗೆ ಸರಿಯಾದ ಗೌರವ ಸಂದಿತು ಎನ್ನಬಹುದು. ಮುಗಿದ ಮೇಲೆ ಆ ಕಿಲಾರಿಯ ಮಗಳು ಬಂದು ಪಕ್ಕದಲ್ಲಿ ನಿಂತಳು. ಈಗ ಚಿತ್ರದುರ್ಗದಲ್ಲಿ ಬಿ.ಎಡ್ ಓದುತ್ತಿದ್ದಾಳೆ, ಹಾಸ್ಟೆಲಿನಲ್ಲೇ ಇದ್ದಾಳೆ.

"ನಿಮ್ಮ ತಂದೆ ಬರಲಿಲ್ಲವೇ?"

"ಇಲ್ಲ ಮೇಡಂ. ಹೇಳ್ದೆ. 'ಯಾವ ಮೇಷ್ಟ್ರು ಹೋಗಿದ್ದು? ಮೇಷ್ಟ್ರು ಈಗ ತಾನೆ ನೀರು ಕುಡುದು ಬಂತು' ಅಂದ."

ನನಗೆ ತಿಳಿಯಲಿಲ್ಲ. ಅವಳು ತಡೆಯಲಾಗದೆ ನಕ್ಕಳು, ಕಣ್ಣೂ ಒರೆಸಿಕೊಂಡಳು.

"ನೀವು ಬಂದು ಹೋದ ವರ್ಷ ಆ ಗೂಡಲ್ಲಿ ಒಂದು ಕರು ಹುಟ್ಟಿತ್ತು ಮೇಡಂ. ಅಪ್ಪ ಅದಕ್ಕೆ ಮೇಷ್ಟ್ರು ಅಂತ ಹೆಸರಿಟ್ಟವ್ನೆ. ಈಗ ದೊಡ್ಡದಾಗೈತೆ."

ದೇವರ ಮಂದೆಯಲ್ಲಿ ಹೆಸರು ಬಂದರೆ ಅದನ್ನು ಮಾರುವಂತಿಲ್ಲ, ನೊಗಕ್ಕೆ ಹೂಡುವಂತಿಲ್ಲ. ವೇದಿಕೆಯ ಮೇಲೆ ಅವರ ಫೋಟೋಗೆ ಹೊದಿಸಿದ ಶಾಲುಗಳೆಲ್ಲ ನನಗೆ ಸಣ್ಣವಾಗಿ ಕಂಡವು.

"ಹೇಗಿದೆ ಅದು? ಹೇಳಿದ ಮಾತು ಕೇಳುತ್ತದೆಯೇ?"

"ಎಲ್ಲಿ ಮೇಡಂ. ಮಂದೆ ಎಲ್ಲಾ ಬಂದ ಮೇಲೆ ಕೊನೇಗೆ ಬರ್ತೈತೆ. ಬಂದು ಗೂಡಿನ ಬಾಗ್ಲಾಗೆ ಅಡ್ಡ ನಿಂತ್ಕಂತೈತೆ. ಹೊಸಬರು ಯಾರೇ ಬರ್ಲಿ, ಕೊಂಬು ತೋರ್ಸಿ ವಾಪಸ್ ಕಳಿಸ್ತೈತೆ."

"ಆಮೇಲೆ?"

"ಎರಡನೇ ಸಲ ಬಂದ್ರೆ ಬಿಡ್ತೈತೆ" ಎಂದಳು.